ಹೊಸ ಫಿಲ್ಟರಿಗೆ ಕಬ್ಬಾಳಮ್ಮನ ಕುಂಕುಮ

ಗೆಳೆಯರೇ, ಮಾಗಡಿ ಹತ್ತಿರದ ನಮ್ಮ ಏರ್‌ಸ್ಟ್ರಿಪ್‌ನಲ್ಲಿ ಇವತ್ತು ಪುಟ್ಟ ವಿಮಾನವೊಂದರ ಎಂಜಿನ್ನಿಗೆ ಆಯಿಲ್ ಫಿಲ್ಟರ್ ಬದಲಿಸಿದೆ. ಹಳೆಯದರ ಸುತ್ತ ಪ್ಲಾಸ್ಟಿಕ್ ಕವರ್ ಕಟ್ಟಿ, ಅದರೊಳಗೇ ತಿರುಗಿಸಿ ಬಿಚ್ಚಿದ್ದರಿಂದ ಒಂದು ತೊಟ್ಟು ಎಣ್ಣೆಯೂ ಚೆಲ್ಲಲಿಲ್ಲ. ಹೊಸದನ್ನು ಕೂರಿಸಿ, ಬೀಗುತ್ತಾ ಹೋಗಿ ಕೈ ತೊಳೆದು ಬಂದೆ. ಸೋರಿಕೆ ಇದೆಯೇ ಎಂದು ನೋಡಲು ಎಂಜಿನ್ ಓಡಿಸಿ ನಿಲ್ಲಿಸಿದರೆ, ಫಿಲ್ಟರಿನ ಮೇಲೆ ಕೆಂಪು ಗೆರೆ ಇಳಿದಿದೆ!

ವಿಮಾನದ ಬ್ರೇಕ್ ಎಣ್ಣೆಯ ಬಣ್ಣ ಕೆಂಪು. ಅದೇ ಸೋರುತ್ತಿದೆ ಎಂದುಕೊಂಡೆ. ಟಾರ್ಚ್ ಹಿಡಿದು ಪೈಪುಗಳನ್ನೆಲ್ಲ ತಡಕಾಡಿ ಮೊಣಕೈವರೆಗೂ ಮಸಿ ಮಾಡಿಕೊಂಡೆ. ಆಗ ವಾಚ್‌ಮನ್ ಶಿವಣ್ಣ ನಿಧಾನಕ್ಕೆ ಬಂದ.

“ಏನ್ ಹುಡುಕ್ತಾ ಇದ್ದೀರ ಮೇಡಂ? ಅದು ಕಬ್ಬಾಳಮ್ಮನ ಕುಂಕುಮ. ನೀವು ಕೈ ತೊಳಿಯಕ್ಕೆ ಹೋದಾಗ ಒಸಿ ನೀರಲ್ಲಿ ಕಲಸಿ ಇಟ್ಟೆ. ಹೊಸ ಸಾಮಾನಿಗೆ ಪೂಜೆ ಮಾಡ್ದೆ ಸ್ಟಾರ್ಟ್ ಮಾಡ್ಬುಡದಾ?”

ಅವನಿಗೆ ಬೈದು, ಎಲ್ಲ ಒರೆಸಿ ಫಳಫಳ ಮಾಡಿದೆ. ಅಷ್ಟರಲ್ಲಿ ಪೈಲಟ್ ಬಂದರು. ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ.

“ಒರೆಸಿಬಿಟ್ರಾ?” ಎಂದು, ಹತ್ತಲು ಎತ್ತಿದ್ದ ಕಾಲನ್ನು ಕೆಳಗಿಟ್ಟರು.

ಶಿವಣ್ಣ ಮತ್ತೆ ಕುಂಕುಮ ಕಲಸಿದ. ತೊಟ್ಟಿಕ್ಕದ ಹಾಗೆ ಕೆಳಗೆ ಪ್ಲಾಸ್ಟಿಕ್ ಕವರ್ ಹಿಡಿದು ನಿಂತವಳು ನಾನೇ.