ತವರಿಗೆ ಹೋದ ಕಟ್ಟೆಗಲ್ಲು

ನಮ್ಮ ಭಾವ ಸೇಡಂನಲ್ಲಿ ದೊಡ್ಡ ಕುಳ. ತೊಗರಿ ವ್ಯಾಪಾರ, ಬಾವಿ ಹೊಲ, ಮನೆಯ ಮುಂದೆ ಅಗಲವಾದ ಕಟ್ಟೆ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಆ ಕಟ್ಟೆಯ ಮೇಲೆ ಅವರ ದರ್ಬಾರು. ನಿಜಾಮನ ದರ್ಬಾರು ಹೋಯಿತು, ಭಾವನದು ಮಾತ್ರ ಹೋಗಲಿಲ್ಲ ಎಂದು ನಾನೂ ಅಕ್ಕನೂ ಒಲೆಯ ಮುಂದೆ ನಗುತ್ತಿದ್ದೆವು. ಅಕ್ಕ ಎಂದರೆ ಭಾವನ ಹೆಂಡತಿ, ನನ್ನ ನೆಗೆಣ್ಣಿ. ಹೊರಗಿನಿಂದ "ಚಹಾ!" ಎಂಬ ಕೂಗು ಬಂದರೆ ಇಬ್ಬರೂ ಎದ್ದು ನೀರಿಡುತ್ತಿದ್ದೆವು. ಮದುವೆಯಾದಂದಿನಿಂದ ಅಕ್ಕ ಗಂಡನ ಬಾಯಿಂದ ಕೇಳಿದ್ದು ಹೆಚ್ಚೂಕಡಿಮೆ ಆ ಒಂದೇ ಮಾತು.

ನಿಜಾಮನನ್ನು ಇಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು. ಒಂದು ದಿನ ಅಕ್ಕ, ನನಗೆ ಬಿಡುಗಡೆ ಕೊಡಿ, ಶಹಾಬಾದಿನ ತವರಿಗೆ ಹೋಗುತ್ತೇನೆ ಎಂದಳು. ಕೋರ್ಟು ಹತ್ತಿದರೆ ಚಿತ್ತಾಪುರದಿಂದ ವಾಡಿಯವರೆಗೆ ಎರಡೂ ಮನೆತನಗಳನ್ನು ಎಲೆಅಡಿಕೆಯ ಜೊತೆ ಅಗಿಯುತ್ತಾರೆ ಎಂಬ ಭಯ ಅಕ್ಕನಿಗೂ ಭಾವನಿಗೂ ಇತ್ತು. ಹಾಗಾಗಿ ಮಠದ ಐನೋರು, ಊರ ಹಿರಿಯರು ಮನೆಗೇ ಬಂದು ಕಟ್ಟೆಯ ಮೇಲೆ ಕುಳಿತರು. ಅವರು ಆಗದು ಎಂದರೆ ಅಕ್ಕ ಸಾಯುವ ತನಕ ಆ ಒಲೆಯ ಮುಂದೆಯೇ. ನಾನು ಬಾಗಿಲ ಹಿಂದೆ ನಿಂತು ಕಿವಿಗೊಟ್ಟೆ.

"ಹೊಡೀತಾನೇನವ್ವ?" ಹೊಸ್ತಿಲ ಒಳಗೆ ನಿಂತ ಅಕ್ಕನನ್ನು ಐನೋರು ಕೇಳಿದರು.

"ಇಲ್ರಿ."

"ಕುಡೀತಾನ?"

"ಚಹಾ ಅಷ್ಟ ರಿ."

"ಮತ್ತೇನು ತ್ರಾಸು?"

"ನನ್ನ ಜೋಡಿ ಮಾತಾಡಂಗಿಲ್ರಿ."

ಹಿರಿಯರು ಹೊಟ್ಟೆ ಹಿಡಿದು ನಕ್ಕರು. "ಹೆಂಡ್ತಿ ಜೋಡಿ ಯಾರು ಮಾತಾಡ್ತಾರವ್ವ!" ಎಂದ ಮೀಸೆಯ ಮುದುಕನೊಬ್ಬ. ಅವನ ಮೀಸೆಯ ಮೇಲೆ ಕುದಿಯುವ ಚಹಾ ಸುರಿಯಬೇಕೆನಿಸಿತು.

ಆದರೆ ಆ ನಗು ಭಾವನಿಗೆ ಚುಚ್ಚಿತು. ತನ್ನ ಕಟ್ಟೆಯ ಮೇಲೆ ತಾನೇ ನಗೆಪಾಟಲಾಗುವುದೆಂದರೇನು! ಎದೆ ಉಬ್ಬಿಸಿ ಹೇಳಿದರು: "ಹೋಗ್ಲಿ ಬಿಡ್ರಿ. ಒಲ್ಲೆ ಅಂದಾಕಿನ್ನ ಹಿಡಕೊಂಡು ಕೂಡೋ ಗರಜು ನನಗಿಲ್ಲ. ಅಕಿ ತವರಿನಿಂದ ಬಂದದ್ದು ಒಂದು ಸೂಜಿ ಸೈತ ನನಗ ಬ್ಯಾಡ. ಎಲ್ಲಾ ಒಯ್ಲಿ. ಹಿರ್ಯಾರ ಮುಂದ ಹೇಳಾಕತ್ತೀನಿ."

ಐನೋರು ವಿಭೂತಿ ಮುಟ್ಟಿಸಿ ಮಾತು ಗಟ್ಟಿ ಮಾಡಿಸಿದರು. ವಿಭೂತಿ ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಅಕ್ಕ ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿದಳು. "ಹಂಗಾದ್ರ ಎಲ್ಲಾರೂ ಒಂಚೂರು ಏಳ್ರಿ."

"ಯಾಕವ್ವ?"

"ನೀವು ಕುಂತ ಫರಸಿ ಕಲ್ಲು ನಮ್ಮಪ್ಪ ಮದುವಿಗಿ ಕೊಟ್ಟಿದ್ದು. ಒಯ್ಯಾಕ ಬಂಡಿ ಬಂದಾವ."

ಬಂಡಿಗಳು ಬೆಳಗಿನಿಂದಲೇ ಹಿತ್ತಲ ಬೇವಿನ ಮರದ ಕೆಳಗಿದ್ದವು. ಬಂಡಿಯವರಿಗೆ ಚಹಾ ಕೊಟ್ಟವಳು ನಾನೇ. ಭಾವ ಬಾಯಿ ತೆರೆದವರು ಮುಚ್ಚಲಿಲ್ಲ. ಹಿರಿಯರು ಒಬ್ಬೊಬ್ಬರೇ ಧೋತರ ಝಾಡಿಸಿಕೊಂಡು ಎದ್ದರು, ಎಲ್ಲರಿಗಿಂತ ಕೊನೆಗೆ ಆ ಮೀಸೆಯವನು.

ಕಟ್ಟೆಯಲ್ಲಿ ಉಳಿದದ್ದು ಬರೀ ಮಣ್ಣು, ಇರುವೆ. ಭಾವ ಬೇರೆ ಕಲ್ಲು ಹಾಕಿಸಿದರು. ಆದರೆ ಹೆಂಗಸು ಎಬ್ಬಿಸಿ ಕಳಿಸಿದ ಜಾಗದಲ್ಲಿ ಮತ್ತೆ ಕೂಡಲು ಊರಿನ ಯಾವ ಗಂಡಸೂ ಬರಲಿಲ್ಲ. ಅಕ್ಕನಿಲ್ಲದ ಒಲೆಯ ಮುಂದೆ ನನಗೂ ಬೇಸರ.

ಮುಂದಿನ ಬೇಸಿಗೆ ಶಹಾಬಾದಿಗೆ ಹೋದೆ. ಅದೇ ಕಲ್ಲು ಅಕ್ಕನ ಮನೆಯ ಮುಂದಿತ್ತು. ಇಬ್ಬರೂ ಅದರ ಮೇಲೆ ಕಾಲು ಚಾಚಿ ಕುಳಿತಿರುವಾಗ ಭಾವ ಬಂದರು. ಇತ್ತ ಏನೋ ಕೆಲಸವಿತ್ತಂತೆ. ಧೋತರದ ಧೂಳು ಝಾಡಿಸಿಕೊಂಡರು.

"ಚೊಲೋ ಅದೀಯೇನು?" ಎಂದರು ಕೊನೆಗೆ.

"ಅದೀನ್ರಿ. ಕುಂದ್ರಿ."

ಕಲ್ಲಿನ ಅಂಚಿಗೆ ಕುಳಿತು ಮಾತು ತೆಗೆದರು. ತೊಗರಿ, ಮಳೆ, ಮೊಣಕಾಲು ನೋವು, ಖಾಲಿ ಕಟ್ಟೆ. ಅಷ್ಟು ಮಾತು ಅವರೊಳಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಸಾವಕಾಶ ಹೇಳಿದಳು:

"ಚಹಾ ಆಗ್ಬೇಕಿತ್ತಲ್ರಿ. ಒಲಿ ಒಳಗದ. ಮೂರು ಕಪ್ಪು."

ಭಾವ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಅವರು ಎದ್ದು ಒಳಗೆ ಹೋದರು. ಪಾತ್ರೆ ಬಿದ್ದ ಸದ್ದಾಯಿತು. ಆಮೇಲೆ ಮೆತ್ತಗಿನ ದನಿ: "ಸಕ್ರಿ ಎಲ್ಲದ?"

ಅಕ್ಕನ ಕಣ್ಣು ತುಂಬಿತ್ತು.

"ಹುಡುಕ್ರಿ," ಎಂದಳು.