ಮಂಜುಗಡ್ಡೆಯ ಮೇಲೆ ಹಳೆಯ ಜೀಪು

ಸ್ವೀಡನ್ನಿನ ಉತ್ತರದಲ್ಲಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಮುಳುಗಿದರೆ ಹೊರಬರಲು ಸೀಟ್‌ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಭಾರ ಒಂದೇ ಕಡೆ ಬೀಳದಂತೆ ಮುಂದಿನ ವಾಹನದಿಂದ ದೂರವಿದ್ದು ಓಡಿಸಬೇಕು. ನನ್ನ ಗಂಡ ಮೊದಲೆರಡನ್ನು ಪಾಲಿಸಿದರು. ಮುಂದಿನ ಕಾರು ನಿಂತಾಗ ಮಾತ್ರ, ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಲ್ಲಿಸುವಂತೆ, ನಮ್ಮ ಹಳೆಯ ಜೀಪನ್ನು ಅದರ ಬಂಪರಿಗೆ ತಾಗಿಸುವಷ್ಟು ಹತ್ತಿರ ತಂದರು. ಕೆಳಗೆ ಮಂಜುಗಡ್ಡೆ ಬಿರಿದ ಸದ್ದಾಯಿತು. ಚಕ್ರದ ಸುತ್ತ ನೀರು ಮೇಲೆ ಬಂತು.

“ರೀ, ಹಿಂದಕ್ಕೆ ತಗೊಳ್ಳಿ.”

“ರಿವರ್ಸ್ ಬೀಳ್ತಿಲ್ಲ ಕಣೇ. ನೀನು ಇಳಿದು ನಡಿ.”

“ನೀವು?”

“ಈ ಡಬ್ಬಾನ ಯಾರು ಓಡಿಸ್ತಾರೆ, ನಿಮ್ಮಪ್ಪಾನಾ? ಇಳಿಯೇ!”

ಇಳಿದು, ಬಂದ ದಾರಿಯಲ್ಲೇ ದಡದ ಕಡೆ ನಡೆದೆ. ಹಿಂದೆ ಗಿಯರ್ ಕರಕರ ಎನ್ನುತ್ತಿತ್ತು. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಜೀಪು ಹಿಮ್ಮುಖವಾಗಿ, ನಿಧಾನವಾಗಿ ಬಂದು ನನ್ನ ಪಕ್ಕ ನಿಂತಿತು.

“ಹತ್ತು,” ಎಂದರು.

ಅವರು ಮುಳುಗದೆ ಬದುಕಿ ಬಂದರು ಎಂಬುದು ನನ್ನ ಮನಸ್ಸಿಗಿನ್ನೂ ತಟ್ಟಿರಲಿಲ್ಲ. ನಡೆಯುತ್ತಲೇ ಹೋದೆ.