ನೀರವ್ವನ ತಂದೆಯ ಹೆಸರು

ವಾಡಿ ಜಂಕ್ಷನ್ನಿನಲ್ಲಿ ಗಾಡಿ ನಿಂತರೆ ತಲೆಯ ಮೇಲೆ ತಾಮ್ರದ ಕೊಡ ಹೊತ್ತು ಬಂದು, ಬಾಯಾರಿದವರಿಗೆ ನೀರು ಹಾಕುತ್ತಿದ್ದವಳನ್ನು ಎಲ್ಲರೂ ನೀರವ್ವ ಎನ್ನುತ್ತಿದ್ದರು. ಯಾರಾದರೂ ಕೈಮುಗಿದರೆ ಕೊರಳ ಲಿಂಗವನ್ನು ಮುಟ್ಟಿಕೊಂಡು, "ನಮ್ಮಪ್ಪ ಕೊಡಾಕತ್ತಾನ್ರಿ, ನಾ ಬರೇ ಹಾಕಾಕಿ" ಎನ್ನುವಳು. ಎಳೆಗೂಸಾಗಿ ಅದೇ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕವಳು ಅವಳು. ಹೆತ್ತವರು ಯಾರೆಂದು ತಿಳಿಯದವಳ ನೀರನ್ನು ಊರ ಹಿರಿಯರು ಮಾತ್ರ ಮುಟ್ಟುತ್ತಿರಲಿಲ್ಲ.

ಮೊದಲ ಚುನಾವಣೆಗೆ ಮತದಾರರ ಪಟ್ಟಿ ಬರೆಯಲು ಶಾಲೆಯ ಮಾಸ್ತರನಾದ ನನ್ನನ್ನು ಕಳಿಸಿದ್ದರು. ಅವಳ ತಂದೆಯ ಹೆಸರಿನ ಜಾಗದಲ್ಲಿ ನಾನು, ಅವಳನ್ನು ಕೇಳದೆಯೇ, "ಗೊತ್ತಿಲ್ಲ" ಎಂದು ಬರೆದುಬಿಟ್ಟೆ. ಅವಳು ಕೊಡ ಇಳಿಸಿದಳು.

"ಏನ್ ಬರದ್ರಿ ಮಾಸ್ತರ?"

ಓದಿ ಹೇಳಿದೆ.

"ಕಾಟ ಹೊಡೀರಿ ಅದಕ್ಕ. ನಿಮಗ ಗೊತ್ತಿಲ್ಲ, ನನಗ ಗೊತ್ತದ. ಶಿವ ಅಂತ ಬರೀರಿ. ನನ್ನ ಮ್ಯಾಲ ಭಾಳ ಜೀವ ಅವಂದು."

ಬರೆದದ್ದನ್ನು ಹೊಡೆದುಹಾಕಿ ಹಾಗೆಯೇ ಬರೆದೆ.

ಮತ ಹಾಕುವ ದಿನ ಒಬ್ಬೊಬ್ಬರ ಹೆಸರನ್ನೂ ತಂದೆಯ ಹೆಸರಿನೊಂದಿಗೆ ಗಟ್ಟಿಯಾಗಿ ಕೂಗುತ್ತಿದ್ದರು. ಹಿರಿಯರೆಲ್ಲ ಸಾಲಿನಲ್ಲಿ ನೀರವ್ವನ ಹಿಂದೆ ನಿಂತಿದ್ದರು. ಪರವೂರಿನಿಂದ ಬಂದಿದ್ದ ಅಧಿಕಾರಿ ಅವಳ ಹೆಸರನ್ನು ಓದಿ, "ತಂದೆ, ಶಿವ!" ಎಂದು ಕೂಗಿದ. ಸಾಲಿಗೆ ಸಾಲೇ ಕತ್ತೆತ್ತಿ ನೋಡಿತು. ಅವಳು ತಲೆಯ ಮೇಲೆ ತುಂಬಿದ ಕೊಡ ಇದ್ದಾಗ ನಡೆಯುವಂತೆಯೇ ನೆಟ್ಟಗೆ ನಡೆದುಹೋಗಿ ಮೇಜಿನ ಮುಂದೆ ನಿಂತಳು.

"ಇನ್ನೊಮ್ಮೆ ಕೂಗ್ರಿ ಸಾಹೇಬ್ರ," ಎಂದಳು. "ಹಿಂದ ನಿಂತವರಿಗೆ ಕೇಳ್ಸಿಲ್ಲ."